ಅಥ ಕುಕ್ಕುಟಾಲಯ ಜಿಜ್ಞಾಸೆ

ಶಾಸ್ತ್ರ ಬರೆಯುವವರು ಮೊದಲು ವಿಷಯ, ಆಮೇಲೆ ಸಂಶಯ, ಅದಾದ ಮೇಲೆ ಪೂರ್ವಪಕ್ಷ, ಕೊನೆಗೆ ಸಿದ್ಧಾಂತ ಎಂದು ಹೆಜ್ಜೆಯಿಡುತ್ತಾರೆ. ನಮ್ಮ ಸಮೀಕ್ಷೆಯ ಕ್ಷೇತ್ರದೊಳಗೇ ಶಾಸ್ತ್ರಪಂಡಿತರ ಊರಾದ ಮೇಲುಕೋಟೆ ಬರುವುದರಿಂದ ನಾವೂ ಹಾಗೇ ಇಡತಕ್ಕದ್ದು.

ವಿಷಯ: ಕೋಳಿಗೂಡು. ಸಂಶಯ: ಹೊತ್ತಾರೆ ತಾನೇ ಬಾಗಿಲು ತೆರೆದು, ಬೈಗಿಗೆ ತಾನೇ ಮುಚ್ಚಿಕೊಂಡು, ಕಾಳು ನೀರನ್ನೂ ತಾನೇ ಸುರಿಯುವ ಗೂಡನ್ನು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಹಿತ್ತಲುಗಳಲ್ಲಿ ನಾಟಿ ಕೋಳಿ ಸಾಕುವವರು ಬಯಸುತ್ತಾರೋ ಇಲ್ಲವೋ? ಕೋಳಿಗಳ ಅಭಿಪ್ರಾಯ ಪಡೆದಿಲ್ಲ. ಕೋಳಿಯನ್ನು ಕೇಳಿ ಮಸಾಲೆ ಅರೆಯುವ ಸಂಪ್ರದಾಯ ಈ ನಾಲ್ಕರಲ್ಲಿ ಯಾವ ತಾಲ್ಲೂಕಿನಲ್ಲೂ ಇಲ್ಲ.

ಕ್ಷುಲ್ಲಕ ವಿಷಯವೆಂದು ಮೂಗು ಮುರಿಯುವವರು 2019ರ ಜಾನುವಾರು ಗಣತಿ ನೋಡಬೇಕು. ದೇಶದ 85 ಕೋಟಿ ಕೋಳಿ ಬಾತುಗಳಲ್ಲಿ 31 ಕೋಟಿಗೂ ಹೆಚ್ಚು ಹಿತ್ತಲಿನವು. ಈ ಹಿತ್ತಲಿನವುಗಳಲ್ಲಿ 2012ರ ಗಣತಿಗಿಂತ ಶೇ. 46ರಷ್ಟು ಏರಿಕೆ. ಮೇಯಲು ಹೋದ ಕೋಳಿಯನ್ನು ಹಗಲಲ್ಲಿ ಎಣಿಸುವುದು ಬ್ರಹ್ಮನಿಂದಲೂ ಆಗದು, ಎಣಿಸುವುದೇನಿದ್ದರೂ ಬೈಗಿನಲ್ಲಿ. ಈ ಮಾತು ಮುಂದೆ ಬೇಕಾಗುತ್ತದೆ.

ಪೂರ್ವಪಕ್ಷದ ಯಂತ್ರವಾದಿಗಳು ಹೇಳುವುದಿಷ್ಟು: ಲಂಡನ್ನಿನಲ್ಲಿ ಕೋಳಿ ಸಾಕುವವರು ಇಂಥ ಬಾಗಿಲನ್ನು ಹಾಕಿಸಿಕೊಂಡು ಸುಖವಾಗಿದ್ದಾರೆ. ಇರಬಹುದು. ಅಲ್ಲಿ ಚಳಿಗಾಲದ ಸೂರ್ಯ ಸಂಜೆ ನಾಲ್ಕಕ್ಕೆ ಮೊದಲೇ ಮುಳುಗುತ್ತಾನೆ, ಬೇಸಿಗೆಯವನು ರಾತ್ರಿ ಒಂಬತ್ತಾದರೂ ಹೋಗುವುದಿಲ್ಲ. ಕಚೇರಿಗೆ ಹೋದವರು ಯಾವ ಹೊತ್ತಿಗೆಂದು ಬಂದು ಗೂಡು ಮುಚ್ಚಬೇಕು? ಶ್ರೀರಂಗಪಟ್ಟಣದ ಸೂರ್ಯ ವರ್ಷವಿಡೀ ಒಂದೇ ಗಂಟೆಯ ಆಸುಪಾಸಿನಲ್ಲಿ ಮುಳುಗುವ ಶಿಸ್ತುಗಾರ. ಮೇಲಾಗಿ, 1799ರ ಮೇ 4ರಂದು ಟಿಪ್ಪುವಿನ ಕೋಟೆಯನ್ನೇ ಕಳೆದುಕೊಂಡು, ಒಳಗಿನವನೇ ಕೈಕೊಟ್ಟ ಎಂಬ ಕಥೆಯನ್ನು ಇವತ್ತಿಗೂ ಹೇಳುವ ಊರದು. ತಾನಾಗಿ ತೆರೆದುಕೊಳ್ಳುವ ಬಾಗಿಲನ್ನು ಅಲ್ಲಿ ಮಾರಲು ಹೋಗುವವನಿಗೆ ಗಂಡೆದೆ ಬೇಕು.

ಶತ್ರುಗಳಿಂದ ರಕ್ಷಣೆ ಎಂಬುದು ಅವರ ಎರಡನೆಯ ವಾದ. ಕಬ್ಬಿನ ಗದ್ದೆಯ ಚಿರತೆ, ಕಾಡುಬೆಕ್ಕು ರಾತ್ರಿ ಪಾಳಿಯವು, ನಿಜ. ಹದ್ದು, ಮುಂಗುಸಿ ಹಗಲು ಪಾಳಿಯವು. ಆಗ ಯಂತ್ರ ಬಾಗಿಲು ತೆರೆದಿಟ್ಟು ಕೂತಿರುತ್ತದೆ. ಕೊಕ್ಕರೆ ರೋಗಕ್ಕಂತೂ ಪಾಳಿಯೇ ಇಲ್ಲ. ಅದಕ್ಕೆ ಬೇಕಾದ್ದು ಲಸಿಕೆ, ಬಾಗಿಲಲ್ಲ.

ಇನ್ನು ಕೋಳಿಯನ್ನು ಮನೆ ಸೇರಿಸುವ ತತ್ತ್ವ. ಬೆಕ್ಕು ತನ್ನ ಮರಿಯನ್ನು ಕಚ್ಚಿಕೊಂಡು ಹೋಗುತ್ತದೆ, ಕೋತಿಮರಿ ತಾನೇ ತಾಯಿಯನ್ನು ಅವುಚಿಕೊಳ್ಳುತ್ತದೆ, ಇವೆರಡರಲ್ಲಿ ಯಾವುದು ನಿಜವಾದ ಶರಣಾಗತಿ ಎಂದು ಶ್ರೀವೈಷ್ಣವ ವಿದ್ವಾಂಸರು ಶತಮಾನಗಟ್ಟಲೆ ವಾದಿಸಿದ್ದಾರೆ. ಕೋಳಿಪಿಳ್ಳೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ತಾಯಿ ಅದನ್ನು ಎತ್ತುವುದಿಲ್ಲ, ಅದು ತಾಯಿಯನ್ನು ಅವುಚುವುದಿಲ್ಲ. ತಾಯಿ ಕರೆದರೆ ಓಡಿಬಂದು ರೆಕ್ಕೆಯ ಕೆಳಗೆ ತೂರುತ್ತದೆ. ದೊಡ್ಡದಾದ ಮೇಲೂ ಕತ್ತಲು ಕವಿದರೆ ಕಣ್ಣು ಕಾಣದೆ ತಾನೇ ಮನೆ ಸೇರುತ್ತದೆ. ಉಳಿದದ್ದು ಮಂಕರಿ ಕವುಚಿ ಮೇಲೊಂದು ಕಲ್ಲು ಹೇರುವುದು. ಇಷ್ಟಕ್ಕೆ ಮೋಟರೇ?

ಕ್ಷೇತ್ರಕಾರ್ಯಕ್ಕೆಂದು ನಾಗಮಂಗಲ ಕಡೆಯ ಹಳ್ಳಿಯೊಂದಕ್ಕೆ ಹೋದೆ. ಸಮೀಕ್ಷೆಗೆ ಸಿಕ್ಕಿದ್ದು ಒಬ್ಬ ಅಜ್ಜಿ, ಹನ್ನೊಂದು ಕೋಳಿ.

"ಬಾಗ್ಲ ತಗ್ಯಕೂ ಯಂತ್ರ ಬಂದ್ರೆ ಹೊತ್ತಾರೆ ಎದ್ದು ನಾನೇನ್ ಮಾಡ್ಲಪ್ಪ?" ಎಂದರು. ನಾನು ಬಿಡಲಿಲ್ಲ. "ಒಳಗೆ ಕ್ಯಾಮೆರಾ ಇರುತ್ತೆ ಅಜ್ಜಿ. ಎಷ್ಟು ಮೊಟ್ಟೆ ಇಟ್ಟವು ಅಂತ ನಿಮ್ಮ ಮಗನ ಮೊಬೈಲಿಗೇ ಮೆಸೇಜು ಬರುತ್ತೆ."

ಅಜ್ಜಿಯ ಮುಖ ಬದಲಾಯಿತು. "ಅವ್ನಿಗ್ಯಾಕೆ?"

ಈ ನಾಲ್ಕಕ್ಷರದ ಸೂತ್ರಕ್ಕೆ ಭಾಷ್ಯ ಬೇಕು. ನಾಟಿ ಕೋಳಿ ವರ್ಷಕ್ಕೆ 50–60 ಮೊಟ್ಟೆ ಇಟ್ಟರೆ ಹೆಚ್ಚು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು ರೂಪಿಸಿದ ಗಿರಿರಾಜ ತಳಿ ಅದರ ಎರಡರಷ್ಟಕ್ಕೂ ಹೆಚ್ಚು ಇಟ್ಟೀತು. ಅಷ್ಟರಲ್ಲಿ ಯಾವುದು 21 ದಿನ ಕಾವಿಗೆ, ಯಾವುದು ಮೊಮ್ಮಗುವಿಗೆ, ಯಾವುದು ಅಂಗಡಿಗೆ ಎಂಬುದು ಅಜ್ಜಿಗೂ ಕೋಳಿಗೂ ಮಾತ್ರ ಗೊತ್ತಿರುವ ರಾಜ್ಯರಹಸ್ಯ. ಸೆರಗಿನ ಗಂಟು ನಿಂತಿರುವುದೇ ಅದರ ಮೇಲೆ. ಗೂಡಿನ ಬಾಗಿಲು ಮಗನ ಫೋನಿಗೆ ಹೋದ ದಿನ ಗಂಟೂ ಹೋಯಿತು.

ಇಲ್ಲಿನವರಿಗೆ ಯಂತ್ರವೆಂದರೆ ಅಲರ್ಜಿ ಎಂದು ತಿಳಿಯಬಾರದು. ಅದೇ ಮಗ ಬೋರ್‌ವೆಲ್ಲಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದಾನೆ. ನಡುರಾತ್ರಿ ತ್ರೀ ಫೇಸ್ ಬಂದರೆ ಮಲಗಿದಲ್ಲಿಂದಲೇ ಮೋಟರ್ ಆನ್. ಗಂಡಸರ ನಿದ್ದೆ ಕೆಟ್ಟ ಕಡೆಗೆಲ್ಲ ಯಂತ್ರ ತಾನಾಗಿ ಬಂದಿದೆ. ಅಜ್ಜಿಯದು ಮೊದಲೇ ಕೋಳಿನಿದ್ದೆ.

ಒಂದು ಆಕ್ಷೇಪ ಉಳಿದಿದೆ. ಅರ್ಧ ಕೋಳಿಯನ್ನು ಅಡುಗೆಗೆ, ಇನ್ನರ್ಧವನ್ನು ಮೊಟ್ಟೆಗೆ ಇಟ್ಟುಕೊಳ್ಳಲಾಗದು ಎನ್ನುತ್ತದೆ ಅರ್ಧಕುಕ್ಕುಟೀ ನ್ಯಾಯ. ಆದ್ದರಿಂದ ಬಾಗಿಲು ಯಂತ್ರಕ್ಕೆ, ಲೆಕ್ಕ ಅಜ್ಜಿಗೆ ಎಂದು ಹಂಚಲಾಗದು ಎಂಬುದು ಕೆಲವರ ತರ್ಕ. ಕೋಳಿಯನ್ನು ವಾರಕ್ಕೆ ಕೊಟ್ಟು ಪಿಳ್ಳೆಯಲ್ಲಿ ಅರ್ಧ ಪಾಲು ಎತ್ತುವ ನಾಡಿನಲ್ಲಿ ಈ ನ್ಯಾಯ ಊರ್ಜಿತವಲ್ಲ. ಆದ್ದರಿಂದ ಪ್ರಯೋಗಕ್ಕೆ ಅವಕಾಶವುಂಟು. ಬೆಂಗಳೂರಿನಲ್ಲಿ ಇಂಜಿನಿಯರಾಗಿರುವ ಮೊಮ್ಮಗ ಯುಗಾದಿಗೆ ಬಂದವನು ಹಳೇ ಬ್ಯಾಟರಿ, ಸೆನ್ಸರ್, ಪ್ಲೈವುಡ್ ಸೇರಿಸಿ ಗೂಡೊಂದನ್ನು ಕಟ್ಟಿಯೇಬಿಟ್ಟ. ಬೆಳಕು ಇಳಿಯಿತು. ಗುಂಯ್ ಎಂದು ಬಾಗಿಲು ಬಿತ್ತು. ಮೊಮ್ಮಗ ಚಪ್ಪಾಳೆ ತಟ್ಟಿದ.

ಅಜ್ಜಿ ಸೀಬೆಮರದ ಕಡೆ ನೋಡಿ ಎಣಿಸಿದರು. ಹನ್ನೊಂದೂ ಕೊಂಬೆಯ ಮೇಲೆ ಸಾಲಾಗಿ ಕೂತಿದ್ದವು. ಗೂಡಿನೊಳಗೆ ಏನೋ ಪಟಪಟ ಎಂದಿತು. ಸಂದಿಯಿಂದ ಇಣುಕಿದರೆ ಪಕ್ಕದ ಮನೆಯ ಕೆಂಪು ಹುಂಜ.

"ತೆಗಿಯೋ ಬಾಗ್ಲ."

"ಬೆಳಗಿನ ಬೆಳಕು ಬೀಳೋವರೆಗೂ ತೆಗೆಯಲ್ಲ ಅಜ್ಜಿ, ಸೇಫ್ಟಿಗೆ ಹಂಗೆ ಮಾಡಿದೀನಿ."

ನಾಳೆ ಹೊಸತೊಡಕು, ಮನೆಮನೆಯಲ್ಲೂ ಬಾಡೂಟ. ಊರಲ್ಲಿ ಹುಂಜ ಕಾಣೆಯಾಗಲು ಇದಕ್ಕಿಂತ ಅನುಮಾನದ ದಿನ ಇನ್ನೊಂದಿಲ್ಲ. ಓಣಿಯ ಆ ತುದಿಯಿಂದ ಪಕ್ಕದ ಮನೆಯಾಕೆ "ಬಾ ಬಾ ಬಾ" ಎಂದು ಕರೆಯುತ್ತ ಬರುತ್ತಿದ್ದರು, ಮತ್ತು ಒಳಗಿನಿಂದ ಹುಂಜ ಓಗೊಡತೊಡಗಿತು.