ನಾಯಿಪರ ವಕೀಲರು

ದೊಡ್ಡಬಳ್ಳಾಪುರದ ಹೊಸ ಬಡಾವಣೆ ಎಂದ ಮೇಲೆ ಒಂದು ಗಣಪತಿ ಗುಡಿ, ಒಂದು ನಂದಿನಿ ಬೂತು, ಅರ್ಧಕ್ಕೆ ನಿಂತ ಒಂದು ಚರಂಡಿ ಇರಲೇಬೇಕು. ಇತ್ತೀಚೆಗೆ ಈ ಸಾಲಿಗೆ ಒಬ್ಬ ನಾಯಿಪರ ವಕೀಲರೂ ಸೇರಿದ್ದಾರೆ. ದೇವನಹಳ್ಳಿಯಲ್ಲಿ ಜಮೀನು ಮಾರಿ ಮಹಡಿ ಮನೆ ಕಟ್ಟಿಸಿದವರಲ್ಲಿ ಇಂಥವರುಂಟು, ನೆಲಮಂಗಲದ ಗೋಡೌನುಗಳಲ್ಲಿ ಲೆಕ್ಕ ಬರೆಯುವವರಲ್ಲೂ ಉಂಟು. ನಮ್ಮವರು ತಾಲ್ಲೂಕು ಕಚೇರಿಯಿಂದ ನಿವೃತ್ತರಾದವರು. ಕೋರ್ಟಿನ ಮೆಟ್ಟಿಲು ಹತ್ತಿದ್ದರೆ ಅದು ಪಹಣಿ ವ್ಯಾಜ್ಯಕ್ಕೆ ಕಡತ ಹೊತ್ತುಕೊಂಡು ಹೋದಾಗ ಮಾತ್ರ. ಆದರೂ ಅವರ ಜಾನಿ ಯಾರ ಚಪ್ಪಲಿ ಕಚ್ಚಿದರೂ, ಯಾವ ಅಪರಾತ್ರಿಯಲ್ಲಿ ಊಳಿಟ್ಟರೂ, ಲುಂಗಿ ಎತ್ತಿ ಕಟ್ಟಿ ಗೇಟಿಗೆ ಬಂದು ವಕಾಲತ್ತು ಹಾಕುವವರು ಅವರೇ. ಬೀದಿಯವರು ಅಣಕಿಸಲು ‘ವಕೀಲ್ರೇ’ ಎಂದು ಕರೆಯತೊಡಗಿದರು. ಅವರು ಅದನ್ನು ಬಡ್ತಿ ಎಂದುಕೊಂಡರು.

ಕಕ್ಷಿದಾರನ ಕುಲಗೋತ್ರದ ವಿಷಯ: ಅಪ್ಪ ಲ್ಯಾಬ್ರಡಾರ್ ಎಂಬುದು ವಕೀಲರ ಹೇಳಿಕೆ. ತಾಯಿ ನಮ್ಮ ಮೂರನೇ ಕ್ರಾಸಿನವಳು, ಅದಕ್ಕೆ ಸಾಕ್ಷಿಗಳು ಬೇಕಾದಷ್ಟಿದ್ದಾರೆ.

ಎದುರುಮನೆಯವರು ಹೊಸ ಕಾರು ತಂದ ವಾರದಲ್ಲೇ ಮೊದಲ ದೂರು ಬಂತು. ಬೀದಿಯಲ್ಲಿ ಅಷ್ಟು ಗಾಡಿಗಳಿದ್ದರೂ ಜಾನಿ ಇವರ ಟೈರಿಗೇ ಕಾಲೆತ್ತುತ್ತಾನಂತೆ.

“ನೀವು ನಿನ್ನೆ ಎಲ್ಲಿಗೆ ಹೋಗಿದ್ರಿ ಸ್ವಾಮಿ?”

“ಶಿರಾಕ್ಕೆ. ಅದಕ್ಕೂ ಇದಕ್ಕೂ ಏನು?”

“ಅದೇ ನೋಡಿ! ದಾಬಸ್‌ಪೇಟೆ, ತುಮಕೂರು, ಶಿರಾ, ಮೂರು ಊರಿನ ನಾಯಿಗಳ ಅರ್ಜಿ ನಿಮ್ಮ ಟೈರಿನ ಮೇಲೆ ಬಂದಿದೆ. ಯಾವ ನಾಯಿ, ಗಂಡೋ ಹೆಣ್ಣೋ, ಎಷ್ಟು ಹೊತ್ತಾಯಿತು, ಎಲ್ಲ ಅದರಲ್ಲಿದೆ. ನಮ್ಮವನು ಓದಿ ಷರಾ ಬರೆದಿದ್ದಾನೆ. ನಾನು ಮೂವತ್ತು ವರ್ಷ ಮಾಡಿದ್ದೂ ಅದನ್ನೇ.”

ಇಷ್ಟಕ್ಕೆ ಬಿಟ್ಟರೆ ವಕೀಲರೇ ಅಲ್ಲ. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು 50-60 ಲಕ್ಷ, ನಾಯಿಯದರಲ್ಲಿ ತಳಿ ನೋಡಿಕೊಂಡು 20 ಕೋಟಿ ದಾಟುತ್ತವೆ ಎಂದು ಶುರುಮಾಡುತ್ತಾರೆ. ನಾವು ಉಸಿರು ಬಿಟ್ಟರೆ ಮೂಗಿನೊಳಗಿನ ವಾಸನೆಯೂ ಹೊರಟುಹೋಯಿತು. ನಾಯಿ ಬಿಡುವ ಉಸಿರು ಹೊಳ್ಳೆಯ ಪಕ್ಕದ ಸೀಳಿನಿಂದ ಆಚೆ ಹೋಗುತ್ತದೆ, ಆ ರಭಸಕ್ಕೆ ನೆಲದ ಹೊಸ ವಾಸನೆ ಮೇಲೆದ್ದು ಮುಂದಿನಿಂದ ಒಳಗೆ ಬರುತ್ತದೆ. “ಸಾರು ಅಂದ್ರೆ ನಮಗೆ ಒಂದೇ ಘಮ. ಅವನಿಗೆ ಬೇಳೆ ಬೇರೆ, ಇಂಗು ಬೇರೆ, ಕರಿಬೇವು ಬೇರೆ. ಸೋಪು ಹಾಕಿ ತೊಳೆದ್ರೂ ಬಿಡಲ್ಲ, ಸೋಪಿನ ಅಡಿಯಲ್ಲಿ ಏನಿದೆ ಅಂತ ಹೇಳ್ತಾನೆ.” ಈ ಮಾತನ್ನು ಅವರು ಗೇಟಿನಲ್ಲಿ ನಿಂತು, ಒಳಗೆ ಸೊಪ್ಪು ಬಿಡಿಸುತ್ತಿದ್ದ ಹೆಂಡತಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ್ದರು. ಚಪ್ಪಲಿ ಕಳೆದುಕೊಂಡ ಮೇಷ್ಟರಿಗೆ ಕೊಟ್ಟ ಸಮಾಧಾನ ಇನ್ನೂ ಸೊಗಸು: “ಬೇಜಾರು ಮಾಡ್ಕೋಬೇಡಿ. ಇಡೀ ಬೀದಿಯಲ್ಲಿ ನಿಮ್ಮ ಕಾಲಿನ ವಾಸನೆಯೇ ಅವನಿಗೆ ಇಷ್ಟ.” ಮೇಷ್ಟರು ಮನೆ ತಲುಪುವವರೆಗೂ ಇದು ಹೊಗಳಿಕೆಯೋ ಬೈಗುಳವೋ ಎಂದು ಯೋಚಿಸುತ್ತಿದ್ದರಂತೆ.

ಹಳೆಯ ತೀರ್ಪುಗಳನ್ನೂ ಅವರು ಬಾಯಿಪಾಠ ಮಾಡಿಕೊಂಡಿದ್ದಾರೆ. 10ನೇ ಶತಮಾನದ ಆತಕೂರು ಶಾಸನ ಅವರ ಬ್ರಹ್ಮಾಸ್ತ್ರ. ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರನಿಗೆ ಗಂಗರ ಬೂತುಗ ಮೆಚ್ಚಿ, ಏನು ಬೇಕೋ ಕೇಳು ಎಂದಾಗ ಆತ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಕಾಡುಹಂದಿಯ ಜೊತೆ ಹೋರಾಡಿ ಸತ್ತಾಗ ಕಲ್ಲು ನಿಲ್ಲಿಸಿ ಪೂಜೆಗೆ ಏರ್ಪಾಡು ಮಾಡಿದರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಅನುಮಾನವಿದ್ದವರು ಹೋಗಿ ನೋಡಬಹುದು. ಇನ್ನೊಂದು 2020ರದು. ದಾವಣಗೆರೆ ಪೊಲೀಸರ ತುಂಗಾ ಎಂಬ ಡಾಬರ್‌ಮನ್ ಕೊಲೆಯ ಜಾಡು ಹಿಡಿದು ಹತ್ತು ಕಿಲೋಮೀಟರಿಗೂ ಹೆಚ್ಚು ಓಡಿ ಆರೋಪಿಯ ಸುಳಿವು ಕೊಟ್ಟಳು. “ಕಾಳಿ, ತುಂಗಾ, ಜಾನಿ” ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಮೂರನೆಯವನು ಆ ಹೊತ್ತಿಗೆ ತನ್ನ ಬಾಲವನ್ನೇ ಹಿಡಿಯಲು ಸುತ್ತುತ್ತಿರುತ್ತಾನೆ.

ಕಿವಿಯ ಕೇಸಿನಲ್ಲಿ ಮಾತ್ರ ಅವರು ನಿಜವಾಗಿ ಗೆದ್ದರು, ಅದನ್ನು ಒಪ್ಪಬೇಕು. ನಮ್ಮೂರಿನಲ್ಲಿ ವಿದ್ಯುತ್ ಮಗ್ಗಗಳ ಸದ್ದು ಹಗಲಿರುಳು ಇದ್ದದ್ದೇ. ನೆಂಟರು ಬಂದರೆ ರಾತ್ರಿಯೆಲ್ಲ ಹೊರಳಾಡುತ್ತಾರೆ. ಜಾನಿ ಮಗ್ಗದ ಗೋಡೆಗೇ ಬೆನ್ನು ಕೊಟ್ಟು ಗೊರಕೆ ಹೊಡೆಯುತ್ತಾನೆ, ಅಡುಗೆಮನೆಯಲ್ಲಿ ಹಾಲಿನ ಕವರಿಗೆ ಕತ್ತರಿ ತಾಗಿದರೆ ಎದ್ದು ಕೂರುತ್ತಾನೆ. ಇಂಥವನು ಒಮ್ಮೆ ಸರಿರಾತ್ರಿಯಲ್ಲಿ ಖಾಲಿ ಅಟ್ಟ ನೋಡಿಕೊಂಡು ಬೊಗಳಲು ಹಿಡಿದ. ಮೂರು ರಾತ್ರಿಯಾದರೂ ನಿಲ್ಲಲಿಲ್ಲ. ವಕೀಲರ ಅಕ್ಕ ನಿಂಬೆಹಣ್ಣು ತಂದರು, ನಾಯಿಗೆ ಯಮದೂತರು ಕಾಣುತ್ತಾರೆ ಎಂದರು, ತಮ್ಮನ ವಯಸ್ಸನ್ನೂ ಒಮ್ಮೆ ಲೆಕ್ಕ ಹಾಕಿದರು. ವಕೀಲರು ಕದಲಲಿಲ್ಲ. ಮನುಷ್ಯನ ಕಿವಿ 20,000 ಹರ್ಟ್ಸ್‌ಗೆ ನಿಲ್ಲುತ್ತದೆ, ನಾಯಿಯದು 45,000ದ ತನಕ ಹೋಗುತ್ತದೆ. ಇಲಿಗಳು ತಮ್ಮತಮ್ಮಲ್ಲಿ ಮಾತಾಡುವುದು ನಮ್ಮ ಮಿತಿಯ ಆಚೆಗೆ ಎಂದು ವಾದಿಸಿ ಏಣಿ ತರಿಸಿದರು. ಅಟ್ಟದಲ್ಲಿ ಇಲಿ ಸಂಸಾರ ಸುಖವಾಗಿತ್ತು. ಅದು ಹಾಸಿಕೊಂಡದ್ದು ವಕೀಲರ ಮದುವೆ ಆಲ್ಬಮ್ಮನ್ನು. “ಗೆದ್ದೆವು!” ಎಂದು ಅವರು ಏಣಿಯ ಮೇಲಿಂದಲೇ ಕೂಗಿದರು. ಕೆಳಗೆ ಏಣಿ ಹಿಡಿದಿದ್ದ ಹೆಂಡತಿ ಆಲ್ಬಮ್ಮನ್ನು ಕೈಗೆ ತೆಗೆದುಕೊಂಡು ನೋಡಿದರು. ವರನ ಭಾಗ ಪೂರ್ತಿ ಹೋಗಿತ್ತು. ಅವರೇನೂ ಅನ್ನಲಿಲ್ಲ.

ಖಾಲಿ ಸೈಟಿನ ವ್ಯಾಜ್ಯ ಇಷ್ಟು ಸಲೀಸಾಗಿರಲಿಲ್ಲ. ಜಾನಿ ಬೆಳಗಿನ ಕಾರ್ಯಕ್ಕೆ ಮೂಲೆ ಸೈಟಿಗೆ ಹೋಗುತ್ತಾನೆ, ಹೋದವನು ಸುತ್ತಿ ಸುತ್ತಿ ಕೊನೆಗೊಂದು ದಿಕ್ಕು ಹಿಡಿದು ಕೂರುತ್ತಾನೆ. ಸೈಟಿನ ಮಾಲೀಕರು ಗಲಾಟೆಗೆ ಬಂದಾಗ ವಕೀಲರು ಜೆಕ್ ಮತ್ತು ಜರ್ಮನ್ ವಿಜ್ಞಾನಿಗಳನ್ನೇ ಕರೆತಂದರು. 37 ತಳಿಯ 70 ನಾಯಿಗಳನ್ನು ಎರಡು ವರ್ಷ ಗಮನಿಸಿದ ಅವರು, ಭೂಮಿಯ ಅಯಸ್ಕಾಂತ ಕ್ಷೇತ್ರ ಶಾಂತವಾಗಿದ್ದಾಗ ನಾಯಿಗಳು ಉತ್ತರ-ದಕ್ಷಿಣವಾಗಿ ಕೂರಲು ಇಷ್ಟಪಡುತ್ತವೆ ಎಂದು 2013ರಲ್ಲಿ ಪ್ರಕಟಿಸಿದ್ದು ನಿಜ. ಮರುವರ್ಷ ಅವರಿಗೆ ಇಗ್ ನೊಬೆಲ್ ಬಂದದ್ದೂ ನಿಜ. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು. ವಕೀಲರು ‘ಇಗ್’ ನುಂಗಿಕೊಂಡು ‘ನೊಬೆಲ್’ ಎಂದಷ್ಟೇ ಹೇಳಿದರು. ಮಾಲೀಕರಿಗೆ ವಿಜ್ಞಾನ ಹಿಡಿಸಲಿಲ್ಲ, ಪಕ್ಕದಲ್ಲಿದ್ದ ಸೈಟು ಬ್ರೋಕರಿಗೆ ಹಿಡಿಸಿತು. ಈಗ ಆತ ಗಿರಾಕಿಗಳನ್ನು ಬೆಳಿಗ್ಗೆ ಆರೂವರೆಗೇ ಕರೆತಂದು, ದೂರದಿಂದ ಜಾನಿಯನ್ನು ತೋರಿಸಿ, “ವಾಸ್ತು ಪಕ್ಕಾ ಸಾರ್, ಮೂಕಪ್ರಾಣಿಗೇ ಗೊತ್ತಾಗ್ತದೆ” ಎನ್ನುತ್ತಾನಂತೆ.

ಇಷ್ಟೆಲ್ಲದರ ನಡುವೆ ಜಾನಿಯಿಂದ ನಿಜವಾದ ಕೆಲಸ ತೆಗೆದವರು ವಕೀಲರ ಹೆಂಡತಿ. ಗಂಡನ ಸ್ಕೂಟರಿನ ಸದ್ದು ಯಾರಿಗೂ ಕೇಳಿಸುವ ಮೊದಲೇ ಜಾನಿ ಗೇಟಿಗೆ ಓಡುತ್ತಾನೆ. ಅವನು ಓಡಿದರೆ ಅವರು ಸೀರಿಯಲ್ ಬಿಟ್ಟು ಕಾಫಿಗೆ ಇಡುತ್ತಾರೆ, ಫೋನಿನಲ್ಲಿ ತವರಿನವರ ಹತ್ತಿರ ಆಡುತ್ತಿದ್ದ ಮಾತನ್ನೂ ಬದಲಾಯಿಸುತ್ತಾರೆ.

ಆ ಭಾನುವಾರ ವಕೀಲರು ಕತ್ತಲಿರುವಾಗಲೇ ಘಾಟಿ ಸುಬ್ರಹ್ಮಣ್ಯಕ್ಕೆಂದು ಹೊರಟರು. ಡಾಕ್ಟರು ಕೊಬ್ಬಿನ ಅಂಶ ಜಾಸ್ತಿಯಾಗಿದೆ, ಮಟನ್ ಮುಟ್ಟಬೇಡಿ ಎಂದು ಹೇಳಿ ತಿಂಗಳಾಗಿತ್ತು. ಘಾಟಿ ನಮ್ಮೂರಿಗೆ ಉತ್ತರಕ್ಕಿದೆ. ಸ್ಕೂಟರಿಗೆ ಪಾಪ ಅಯಸ್ಕಾಂತದ ಜ್ಞಾನ ಇಲ್ಲ. ದೇವನಹಳ್ಳಿ ದಾಟಿ, ಸೂಲಿಬೆಲೆ ಮೇಲೆ ಹೊಸಕೋಟೆ ಸೇರಿತು. ಸೌದೆ ಒಲೆಯ ದಮ್ ಬಿರಿಯಾನಿಗೆ ಕೋಳಿ ಕೂಗುವ ಮುಂಚೆ ಬೆಂಗಳೂರಿನವರೇ ಬಂದು ಸಾಲು ನಿಲ್ಲುವ ಊರು ಅದು.

ಎಂಟೂವರೆಗೆ ಹಣೆತುಂಬ ವಿಭೂತಿ ಬಳಿದುಕೊಂಡು ವಕೀಲರು ವಾಪಸಾದರು. ದಾರಿಯಲ್ಲಿ ಎರಡು ಸಲ ಕೈ ತೊಳೆದಿದ್ದರು, ಬಾಯಿಗೆ ಸೋಂಪು ಹಾಕಿಕೊಂಡಿದ್ದರು. ಜಾನಿ ವಿಭೂತಿಯ ಕಡೆ ನೋಡಲೂ ಇಲ್ಲ. ಬಲಗೈ ಮೂಸಿದ, ಬೆರಳ ಸಂದು ಮೂಸಿದ, ಮುಂಗಾಲು ಎತ್ತಿ ಹೆಗಲಿಗೆ ಹಾಕಿ ಮೀಸೆ ಮೂಸಿದ.

“ಏನ್ರೀ, ಘಾಟಿಯಲ್ಲಿ ಪ್ರಸಾದ ಏನು ಕೊಟ್ರು?” ಎಂದರು ಹೆಂಡತಿ.

“ಪುಳಿಯೋಗರೆ.”

“ಸೋಪಿನ ಅಡಿಯಲ್ಲಿ ಏನಿದೆ ಅಂತ ಇವನು ಬೇರೆ ಹೇಳ್ತಾ ಇದಾನಲ್ಲ?”

“ನಾಯಿಗೇನೇ ಗೊತ್ತು! ಅದರ ಮಾತು ಕಟ್ಟಿಕೊಂಡು…” ಎಂದ ವಕೀಲರಿಗೆ, ತಾವು ಎದುರು ಪಕ್ಷ ಸೇರಿದ್ದು ಆಡಿ ಮುಗಿದ ಮೇಲೆ ತಿಳಿಯಿತು.

ಅಷ್ಟರಲ್ಲಿ ಜಾನಿ ಸ್ಕೂಟರಿನ ಹತ್ತಿರ ಹೋಗಿ, ಡಿಕ್ಕಿಯ ಎದುರು ಅಲುಗಾಡದೆ ಕೂತ. ವಿಮಾನ ನಿಲ್ದಾಣದ ನಾಯಿಗಳು ಸ್ಫೋಟಕದ ವಾಸನೆ ಸಿಕ್ಕರೆ ಬೊಗಳುವುದಿಲ್ಲ, ಪರಚುವುದಿಲ್ಲ, ಸುಮ್ಮನೆ ಎದುರು ಕೂತುಬಿಡುತ್ತವೆ ಎಂದು ವಕೀಲರೇ ಹೋದ ವಾರ ಮಹಿಳಾ ಸಂಘದವರಿಗೆ ವಿವರಿಸಿದ್ದರು. ಅವರ ಹೆಂಡತಿ ಅದರ ಖಜಾಂಚಿ. ಬೀಗದ ಕೈ ತಂದು ಡಿಕ್ಕಿ ತೆಗೆದರು. ಒಳಗೆ ಬೆಚ್ಚಗಿನ ಒಂದು ಪೊಟ್ಟಣ.

ವಕೀಲರು ತಲೆ ತಗ್ಗಿಸಿದರು. “ಅದು ಜಾನಿಗೆ ಕಣೇ. ಬೇಯಿಸಿದ ಮೂಳೆ ಗಂಟಲಿಗೆ ಚುಚ್ಚುತ್ತೆ ಅಂತ ಬರೀ ಮೆತ್ತನೆ ತುಂಡು ಕಟ್ಟಿಸಿದೆ. ಈರುಳ್ಳಿ, ಖಾರ ಅವನಿಗೆ ಆಗಲ್ಲವಲ್ಲ, ಹುಡುಗನಿಗೆ ಇಪ್ಪತ್ತು ರೂಪಾಯಿ ಕೊಟ್ಟು ಬಿಸಿನೀರಲ್ಲಿ ಮಸಾಲೆ ತೊಳೆಸಿದೆ.”

ಹೆಂಡತಿ ಪೊಟ್ಟಣ ಬಿಚ್ಚಿ ತುಂಡುಗಳನ್ನು ಜಾನಿಯ ತಟ್ಟೆಗೆ ಹಾಕಿದರು. ಇನ್ನೊಂದು ಪೊಟ್ಟಣ ಇದೆಯೇನೋ ಎಂದು ಡಿಕ್ಕಿಯೊಳಗೆ ಕೈಯಾಡಿಸಿದರು. ಇರಲಿಲ್ಲ.

“ನನಗಾಗಿದ್ರೆ ತೊಳೆಸೋ ಖರ್ಚೂ ಇರ್ತಿರಲಿಲ್ಲ ಕಣ್ರೀ,” ಎಂದರು. “ಮಸಾಲೆ ಇದ್ರೂ ನಡೀತಿತ್ತು.”