ಬ್ಯಾಟರಿ ಕಾಕಾ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಬ್ಯಾಟರಿ ಅಂಗಡಿ ಇದ್ದಲ್ಲಿ ಬ್ಯಾಟರಿ ಕಾಕಾ ಇದ್ದೇ ಇರುತ್ತಾನೆ. ಅಂಗಡಿ ಅವನದಲ್ಲ, ಮುಂದಿನ ಕಟ್ಟೆಯಷ್ಟೇ ಅವನದು. ಗಿರಾಕಿ ಬಂದ ಕೂಡಲೇ ಚಹಾದ ಕಪ್ಪು ಕೆಳಗಿಟ್ಟು, ಬ್ಯಾಟರಿಯನ್ನು ಮೊಣಕಾಲಮಟ ಎತ್ತಿ, "ವಜ್ಜಾ ಐತಿ ತಮ್ಮಾ, ಕಣ್ಮುಚ್ಚಿ ತಗೋ" ಎನ್ನುತ್ತಾನೆ. ಮೇಲಿನ ಅಂಕಿ ಓದುವುದು ಅವನ ಪ್ರಕಾರ ಸಾಲಿ ಹುಡುಗರ ಕೆಲಸ.

ಓದಬೇಕಾದ ಅಂಕಿಗಳು ಮುಖ್ಯವಾಗಿ ಎರಡು. ವೋಲ್ಟ್ ಎಂದರೆ ಕರೆಂಟನ್ನು ನೂಕುವ ಒತ್ತಡ. ಎಎಚ್, ಅಂದರೆ ಆಂಪಿಯರ್-ಅವರ್, ಒಳಗಿನ ದಾಸ್ತಾನು. ಸೀಸದ ಬ್ಯಾಟರಿಯ ಒಂದು ಸೆಲ್ಲಿಗೆ ಸುಮಾರು 2 ವೋಲ್ಟ್, ಆರು ಸೆಲ್ಲಿಗೆ 12. ಬೈಕಿನ ಪುಟ್ಟ ಬ್ಯಾಟರಿಯೂ 12, ಇನ್ವರ್ಟರಿನ ದೈತ್ಯನೂ 12. "ಇಷ್ಟ ದೊಡ್ಡದಕ್ಕ ಅಷ್ಟ ವೋಲ್ಟ್ ಅಂದ್ರ ಹ್ಯಾಂಗ?" ಎಂದು ಕಾಕಾ ಕಂಪನಿಯ ಪ್ರಾಮಾಣಿಕತೆಯನ್ನೇ ಸಂಶಯಿಸುತ್ತಾನೆ. ವ್ಯತ್ಯಾಸ ಇರುವುದು ಎಎಚ್‌ನಲ್ಲಿ. ದೊಡ್ಡದು 150 ಎಎಚ್ ಆಗಿದ್ದರೆ, 12ರಿಂದ ಗುಣಿಸಿ ಒಟ್ಟು ಶಕ್ತಿ 1,800 ವ್ಯಾಟ್-ಅವರ್. ಹಾಗಂತ ತೂಕದ ಸಿದ್ಧಾಂತ ಪೂರ್ತಿ ಸುಳ್ಳಲ್ಲ. ಸೀಸ ಹೆಚ್ಚಿದ್ದರೆ ಸಾಮಾನ್ಯವಾಗಿ ದಾಸ್ತಾನೂ ಹೆಚ್ಚು. ಕಾಕಾನ ಮರ್ಯಾದೆ ಉಳಿದಿರುವುದೇ ಇದರಿಂದ.

ಎಎಚ್ ಅಂಕಿಯ ಪಕ್ಕದಲ್ಲಿ 'ಸಿ-20' ಎಂದಿರುತ್ತದೆ. ಕಾಕಾ ಅದನ್ನು ಮಾಡೆಲ್ ನಂಬರ್ ಎಂದು ತೀರ್ಮಾನಿಸಿ ಎಷ್ಟೋ ವರ್ಷಗಳಾದವು. ನಿಜವಾಗಿ ಅದು ಷರತ್ತು: 7.5 ಆಂಪಿಯರಿನಂತೆ 20 ಗಂಟೆ ಬಳಸಿದರೆ 150 ಎಎಚ್ ಸಿಗುತ್ತದೆ, ಅವಸರದಿಂದ ಎಳೆದರೆ ಅಷ್ಟು ಸಿಗದು.

ಬನಹಟ್ಟಿಯ ಮಗ್ಗದ ಮಾಲಕ ಕರೆಂಟ್ ಹೋದಾಗಿನ ಗೋಳು ಹೇಳಿಕೊಂಡರೆ ಕಾಕಾನ ಉತ್ತರ ಸಿದ್ಧ: "ಎರಡ ಕೂಡ್ಸರೀ ಸಾವಕಾರ್ರ, ಓಡತಾವ." ಹೇಗೆ ಕೂಡಿಸಬೇಕೆಂದು ಹೇಳುವುದಿಲ್ಲ. ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್ ಕಟ್ಟಿದರೆ 24 ವೋಲ್ಟ್, 150 ಎಎಚ್. ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಕಟ್ಟಿದರೆ 12 ವೋಲ್ಟ್, 300 ಎಎಚ್. ಎರಡರಲ್ಲೂ ಒಟ್ಟು 3,600 ವ್ಯಾಟ್-ಅವರ್‌ಗಿಂತ ಚೂರೂ ಹೆಚ್ಚಿಲ್ಲ. ಒಂದು ಎಚ್‌ಪಿ ಮೋಟರಿಗೆ 746 ವ್ಯಾಟಿಗೂ ಮೇಲೆ ಬೇಕು, ಚಾಲೂ ಆಗುವಾಗ ಅದರ ಹಲವು ಪಟ್ಟು. ಶೆಡ್ಡಿನಲ್ಲಿ ಮಗ್ಗ ಒಂದೇ ಇರುವುದಿಲ್ಲವಲ್ಲ!

ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ ರಾತ್ರಿಯಿಡೀ ಹಾಡು ಹಚ್ಚುವವರಿಗೂ ಕಾಕಾನೇ ಗುರು. ಟ್ರ್ಯಾಕ್ಟರಿನ ಬ್ಯಾಟರಿ ಇರುವುದು ಎಂಜಿನ್ ಎಬ್ಬಿಸಲು. ತೆಳು ಪ್ಲೇಟುಗಳಿಂದ ಕ್ಷಣಕಾಲ ಭಾರೀ ಕರೆಂಟ್ ಕೊಡುತ್ತದೆ. ಪದೇ ಪದೇ ತಳಮಟ ಬರಿದು ಮಾಡಿದರೆ ಬೇಗ ಕೆಡುತ್ತದೆ. ಮುಂಜಾನೆ ಟ್ರ್ಯಾಕ್ಟರ್ ನೂಕುವಾಗ ಮಾತ್ರ ಗುರು ಕಾಣಿಸುವುದಿಲ್ಲ.

ಸುಮ್ಮನೆ ಇಟ್ಟ ತುಂಬಿದ ಬ್ಯಾಟರಿ ಮೀಟರಿನಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12ರ ಕೆಳಗಿಳಿದರೆ ಬಹುತೇಕ ಖಾಲಿ. ಕಾಕಾ ಮೀಟರ್ ಮುಟ್ಟುವವನಲ್ಲ, ತುಂಡು ವಯರ್ ತಾಗಿಸಿ ಕಿಡಿ ನೋಡುವವನು. ಚಾರ್ಜಾಗುವಾಗ ಸೀಸದ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ, ಕಿಡಿ ತಾಗಿದರೆ ಸಿಡಿಯುತ್ತದೆ. ಕಾಕಾ ವಯರ್ ಕೈಗೆತ್ತಿಕೊಂಡಾಗ ಗಿರಾಕಿ ದೂರ ಸರಿಯುವುದು ಒಳ್ಳೆಯದು.