ಗ್ರ್ಯಾಂಡ್ ಅಂದರೆ ಪರವಾಗಿಲ್ಲ

ನಮ್ಮಲ್ಲಿ ಗ್ರ್ಯಾಂಡ್ ಅಂದರೆ ದೊಡ್ಡ ಛತ್ರ, ಜೋಡಿ ವಾಲಗ, ಎರಡು ಬಗೆ ಪಾಯಸ. ಐರ್ಲೆಂಡಿನವರಿಗೆ ಗ್ರ್ಯಾಂಡ್ ಅಂದರೆ ‘ಪರವಾಗಿಲ್ಲ, ನಡೀತದೆ’. ಕಾಲು ಮುರಿದು ಮಲಗಿದವನನ್ನು ಹೇಗಿದ್ದೀಯಪ್ಪಾ ಅಂತ ಕೇಳಿ, ‘ಗ್ರ್ಯಾಂಡ್’ ಅನ್ನುತ್ತಾನೆ. ಇನ್ನೊಂದು ಲೋಟ ಟೀ ಬೇಕಾ ಅಂದರೆ ‘ಐ ಆಮ್ ಗ್ರ್ಯಾಂಡ್’. ಬೇಡ ಅಂತ ಅರ್ಥ! ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯಲ್ಲಿ ಒಳ್ಳೇ ಬ್ಯಾಂಡ್ ತಗೊಂಡು ಡಬ್ಲಿನ್ನಿಗೆ ಹೋದ ನಮ್ಮ ಹುಡುಗ ಹುಡುಗಿಯರು ಇಂಗ್ಲಿಷ್ ಬಂದೂ ತಬ್ಬಿಬ್ಬಾಗುವುದು ಇಲ್ಲೇ.

ಆಸ್ಪತ್ರೆಯಲ್ಲಿ ಮುದುಕರೊಬ್ಬರು ‘ಐ ಆಮ್ ಆಫ್ಟರ್ ಈಟಿಂಗ್ ಮೈ ಡಿನ್ನರ್’ ಅಂದರು ಅಂತಿಟ್ಟುಕೊಳ್ಳಿ. ರೆನ್ ಅಂಡ್ ಮಾರ್ಟಿನ್ ವ್ಯಾಕರಣ ಉರು ಹೊಡೆದ ನಮ್ಮ ನರ್ಸಮ್ಮ, ಪಾಪ ಊಟಕ್ಕೆ ಹಾತೊರೆಯುತ್ತಿದ್ದಾರೆ ಅಂತ ತಟ್ಟೆ ತರಿಸಬೇಕು. ಅವರು ಹೇಳಿದ್ದು, ಊಟ ಈಗ ತಾನೇ ಆಯ್ತು ತಾಯೀ ಅಂತ.

ಇದನ್ನು ತಪ್ಪು ಇಂಗ್ಲಿಷ್ ಅಂದವನಿಗೆ ಬುದ್ಧಿ ಕಮ್ಮಿ. ಅದು ಇಂಗ್ಲಿಷಿನ ಅಂಗಿ ತೊಟ್ಟ ಐರಿಷ್ ಭಾಷೆ. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿ ಮಕ್ಕಳ ಕೊರಳಿಗೆ ಒಂದು ಕೋಲು ಕಟ್ಟುತ್ತಿದ್ದರು. ಐರಿಷ್ ಮಾತೊಂದು ಬಾಯಿಂದ ಬಿತ್ತೋ, ಕೋಲಿನ ಮೇಲೆ ಒಂದು ಗೀಟು. ಆಮೇಲೆ ಗೀಟು ಎಣಿಸಿ ಏಟು. ಕನ್ನಡ ಮಾತಾಡಿದ್ದಕ್ಕೆ ಕಾನ್ವೆಂಟಿನಲ್ಲಿ ಫೈನ್ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1840ರ ದಶಕದ ಕ್ಷಾಮ ಬೇರೆ ಬಂತು. ಐರಿಷ್ ಆಡುತ್ತಿದ್ದ ಬಡವರೇ ಹೆಚ್ಚಾಗಿ ಸತ್ತರು, ಉಳಿದವರಲ್ಲಿ ಎಷ್ಟೋ ಮಂದಿ ಹಡಗು ಹತ್ತಿದರು. ನಾಲಿಗೆ ಇಂಗ್ಲಿಷಿಗೆ ಬಗ್ಗಿತು. ವ್ಯಾಕರಣ ಮಾತ್ರ ಜಪ್ಪಯ್ಯ ಅಂದರೂ ಬಗ್ಗಲಿಲ್ಲ.

ಐರಿಷ್‌ನಲ್ಲಿ ‘ಯೆಸ್’, ‘ನೋ’ಗಳಿಗೆ ಸಮನಾದ ಪದಗಳೇ ಇಲ್ಲ. ಕೇಳಿದ ಕ್ರಿಯಾಪದವನ್ನೇ ತಿರುಗಿಸಿ ಹೇಳಬೇಕು. ಹಾಗಾಗಿ ಅವರ ಇಂಗ್ಲಿಷಿನಲ್ಲೂ ‘ಆರ್ ಯು ಕಮಿಂಗ್?’ ಅಂದರೆ ‘ಐ ಆಮ್’. ನಾವು ‘ಬಂದ್ಯಾ?’ ಅಂದರೆ ‘ಬಂದೆ’, ‘ಊಟ ಆಯ್ತಾ?’ ಅಂದರೆ ‘ಆಯ್ತು’ ಅನ್ನುವುದಿಲ್ಲವೇ, ಹಾಗೆ. ಇಂಗ್ಲಿಷಿನ ‘ಹ್ಯಾವ್’ನಂಥ ಕ್ರಿಯಾಪದವೂ ಅವರಿಗಿಲ್ಲ, ನಮಗೂ ಇಲ್ಲ. ದುಡ್ಡು ‘ನನ್ನ ಹತ್ರ’ ಇರುತ್ತದೆ, ಇಬ್ಬರಿಗೂ. (ಇಲ್ಲದಿರುವುದೂ ಇಬ್ಬರಿಗೂ ಅಭ್ಯಾಸವಾಗಿದ್ದದ್ದೇ.) ಸಿನಿಮಾಕ್ಕೆ ಅವರು ‘ಫಿಲಮ್’ ಅನ್ನುತ್ತಾರೆ. ನಡುವೆ ಒಂದು ಸ್ವರ ತುರುಕದಿದ್ದರೆ ಅವರ ನಾಲಿಗೆಗೂ ಸಮಾಧಾನವಿಲ್ಲ.

ಆದರೆ ಒಂದು ಎಚ್ಚರ. ‘ಶನಿವಾರ ಮನೆ ಖಾಲಿ ಮಾಡ್ತಿದ್ದೀನಿ, ಸಾಮಾನು ಹೊರೋಕೆ ಬರ್ತೀಯಾ?’ ಅಂತ ಕೇಳಿದಾಗ ‘ಐ ವಿಲ್’ ಅಂದರೆ ಬರುತ್ತಾನೆ. ‘ಐ ವಿಲ್, ಯಾ’ ಅಂತ ಸ್ವಲ್ಪ ಎಳೆದರೆ ಜನ್ಮದಲ್ಲಿ ಬರುವುದಿಲ್ಲ. ಒಪ್ಪಿಗೆಗೆ ಇನ್ನೊಂದು ಒಪ್ಪಿಗೆ ಸೇರಿಸಿ ನಿರಾಕರಣೆ ಮಾಡುವ ಈ ಕಲೆಯ ಮುಂದೆ ನಮ್ಮ ‘ನೋಡೋಣ’ ಏನೂ ಅಲ್ಲ.

ಮಕ್ಕಳ ಬಗ್ಗೆ ಹುಷಾರು. ಟೀಚರು ನಿಮ್ಮ ಮಗ ‘ಬೋಲ್ಡ್’ ಅಂದರೆ ಬೀಗಬೇಡಿ. ತಂಟೆಕೋರ ಅಂದದ್ದು. ‘ಶಿ ವಾಸ್ ಗಿವಿಂಗ್ ಔಟ್ ಟು ಮಿ’ ಅಂದರೆ ಆಕೆ ಏನೂ ಹಂಚಲಿಲ್ಲ, ಚೆನ್ನಾಗಿ ಬೈದಳು. ‘ಪ್ರೆಸ್’ ಅಂದರೆ ಬೀರು. ರಸ್ತೆಯಲ್ಲಿ ಹೋಗುವ ಯಾವುದೇ ಗಂಡಸು ‘ಯುವರ್ ಮ್ಯಾನ್’. ‘ನಿಮ್ಮೋನು ಹೋದ ನೋಡು’ ಅಂದರಲ್ಲ ಅಂತ ಮದುವೆಯಾಗದ ಹುಡುಗಿ ಕೆಂಪಾಗಬೇಕಿಲ್ಲ, ‘ಆ ಮನುಷ್ಯ’ ಅಂತಷ್ಟೇ ಅರ್ಥ. ಮನೆ ಯಜಮಾನನಿಗೆ ‘ಹಿಮ್‌ಸೆಲ್ಫ್’. ನಮ್ಮ ಅಜ್ಜಿಯಂದಿರು ಗಂಡನ ಹೆಸರು ಹೇಳದೆ ‘ಅವರು’ ಅಂದ ಗತ್ತು ಅದರಲ್ಲಿದೆ.

ಈ ಮಾತಿನ ರುಚಿ ಹಿಡಿದ ಮಹಾನುಭಾವ ನಾಟಕಕಾರ ಜೆ. ಎಂ. ಸಿಂಜ್. ವಿಕ್ಲೋದ ಒಂದು ಹಳೇ ಮನೆಯಲ್ಲಿದ್ದಾಗ ನೆಲದ ಹಲಗೆಯ ಬಿರುಕಿನಿಂದ ಕೆಳಗಡೆ ಅಡುಗೆಮನೆಯ ಕೆಲಸದ ಹುಡುಗಿಯರ ಮಾತು ಕದ್ದು ಕೇಳುತ್ತಿದ್ದೆ, ಯಾವ ವಿದ್ಯೆಯೂ ಅಷ್ಟು ಕಲಿಸಲಿಲ್ಲ ಅಂತ ಆತನೇ ಬರೆದುಕೊಂಡಿದ್ದಾನೆ. ನಾವು ಕದ್ದು ಕೇಳಿದರೆ ಕೆಟ್ಟ ಚಾಳಿ, ಸಿಂಜ್ ಕೇಳಿದರೆ ಸಾಹಿತ್ಯ! 1907ರಲ್ಲಿ ಆತನ ‘ದಿ ಪ್ಲೇಬಾಯ್ ಆಫ್ ದಿ ವೆಸ್ಟರ್ನ್ ವರ್ಲ್ಡ್’ ಡಬ್ಲಿನ್ನಿನ ಆ್ಯಬಿ ಥಿಯೇಟರಿನಲ್ಲಿ ರಂಗಕ್ಕೆ ಬಂದಾಗ ಗಲಾಟೆಯೋ ಗಲಾಟೆ. ಪೊಲೀಸರು ಬರಬೇಕಾಯಿತು. ಹೆಂಗಸರ ಒಳ ಉಡುಪಿಗಿದ್ದ ‘ಶಿಫ್ಟ್’ ಅನ್ನುವ ಪದ ಕಿವಿಗೆ ಬಿದ್ದದ್ದೇ ಪ್ರೇಕ್ಷಕರು ಎದ್ದು ನಿಂತರಂತೆ. ಈಗ ಅಲ್ಲಿನ ಹುಡುಗ ಹುಡುಗಿಯರ ಬಾಯಲ್ಲಿ ‘ಶಿಫ್ಟ್’ ಅಂದರೆ ಮುತ್ತು. ನಮ್ಮ ಸಾಫ್ಟ್‌ವೇರ್ ಹುಡುಗ ‘ರಾತ್ರಿ ಶಿಫ್ಟು ಸಿಕ್ಕಿತು’ ಅಂದರೆ ಸಹೋದ್ಯೋಗಿಗಳು ಮುಸಿಮುಸಿ ನಗುವುದಕ್ಕೆ ಕಾರಣವಿದೆ.

ಫೋನು ಇಡುವ ಚಂದವನ್ನೂ ಹೇಳಿಬಿಡುತ್ತೇನೆ. ‘ಬೈ’ ಅಂತ ಒಂದು ಸಲ ಹೇಳಿ ಇಟ್ಟರೆ ಮುನಿಸಿಕೊಂಡ ಹಾಗೆ. ‘ಬೈ ಬೈ ಬೈ ಬೈಬೈಬೈ’ ಅಂತ ದನಿ ತಗ್ಗಿಸುತ್ತಾ ಫೋನನ್ನು ಕಿವಿಯಿಂದ ದೂರ ಒಯ್ಯಬೇಕು. ಗೇಟಿನ ಹತ್ತಿರ ‘ಹೋಗಿ ಬರ್ತೀವಿ’ ಅಂದ ಮೇಲೂ ಮುಕ್ಕಾಲು ಗಂಟೆ ನಿಂತು ಮಾತಾಡುವ ನಮ್ಮ ಜನಕ್ಕೆ ಇದು ಬೇಗ ಒಗ್ಗುತ್ತದೆ.

ಹೋಗುವವರಿಗೆ ಎರಡು ಮಾತು. ಹಾಲಿವುಡ್ ಕಲಿಸಿದ ‘ಟಾಪ್ ಆಫ್ ದಿ ಮಾರ್ನಿಂಗ್’ ಅನ್ನು ಇಲ್ಲೇ ಬಿಟ್ಟು ಹೋಗಿ, ಅಲ್ಲಿ ಯಾರೂ ಹಾಗನ್ನುವುದಿಲ್ಲ. ಇನ್ನು ಯಾರದಾದರೂ ಕಾರಿನಲ್ಲಿ ಹೋಗಬೇಕಾದರೆ ‘ಲಿಫ್ಟ್’ ಕೇಳಿ, ಅಮೆರಿಕದವರ ಹಾಗೆ ‘ರೈಡ್’ ಕೇಳಬೇಡಿ. ಯಾಕೆ ಅಂತ ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಬರೆಯಲಾರೆ. ಡಬ್ಲಿನ್ನಿನಲ್ಲಿರುವ ನೆಂಟರನ್ನು ಕೇಳಿ, ಅದೂ ದೊಡ್ಡವರು ಪಕ್ಕದಲ್ಲಿಲ್ಲದಾಗ.